ಕೋಲಾರದ ಭಾನುವಾರದ ಪಾಠ: ಹಾಲು ಹಾಕುವವರು ಕೇಳಬೇಕಾದ ಡಚ್ ಮಂತ್ರಿಯ ಕಥೆ

ಕೋಲಾರದ ಡೂಮ್‌ಲೈಟ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಪಶು ಆಹಾರದ ಅಂಗಡಿಯ ಮಹಡಿ ಮೇಲೆ ಭಾನುವಾರ ಮಧ್ಯಾಹ್ನ ಒಂದು ತರಗತಿ ನಡೆಯುತ್ತದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ನಡೆಸುತ್ತಾರೆ. ವಾರದ ಉಳಿದ ದಿನ ಅದೇ ಕೋಣೆಯಲ್ಲಿ ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರಿಗೆ ಕೋಚಿಂಗ್. ಭಾನುವಾರ ಮಾತ್ರ ಯಾರು ಬೇಕಾದರೂ ಬಂದು ಕೂರಬಹುದು. ಒಂದು ಸರಣಿಗೆ ಒಬ್ಬ ರಾಜಕಾರಣಿ. ಅವರು ಯಾವ ಖಾತೆ ನೋಡಿಕೊಂಡರು, ಏನು ತೀರ್ಮಾನ ಮಾಡಿದರು, ಅದರಿಂದ ಯಾರ ಮನೆಯಲ್ಲಿ ಏನಾಯಿತು, ಇಷ್ಟೇ ಪಾಠ. ನಾನು ಕೇಳಿದ್ದು ಡಚ್ಚರ ದೇಶ ನೆದರ್‌ಲೆಂಡ್ಸ್‌ನ ಕೃಷಿ ಮಂತ್ರಿಯಾಗಿದ್ದ ಸಿಕ್ಕೊ ಮಾನ್ಸ್‌ಹೋಲ್ಟ್ ಅವರ ಸರಣಿ.

ನಾನು ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಎರಡು ಹೊತ್ತು ಹಾಲು ಅಳೆಯುವುದು, ಫ್ಯಾಟು, ಡಿಗ್ರಿ ನೋಡುವುದು, ಬಟವಾಡೆ ದಿನ ಎಲ್ಲರಿಗೂ ಲೆಕ್ಕ ಒಪ್ಪಿಸುವುದು ನನ್ನ ಕೆಲಸ. ಮನೆಯಲ್ಲೂ ಸೀಮೆ ಹಸು ಇದೆ, ಸ್ವಲ್ಪ ಟೊಮೆಟೊ ಇದೆ. ಫೀಡ್ಸ್ ಮೂಟೆಗೆ ಹೋದಾಗ ಅಂಗಡಿ ಗೋಡೆಯ ಮೇಲೆ 'ಹಾಲಿಗೆ ಬೆಲೆ ಕಟ್ಟಿದ ಮಂತ್ರಿ' ಅಂತ ಬರೆದ ಕಾಗದ ಕಂಡು ಹೆಸರು ಬರೆಸಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಸು ಕಟ್ಟಿದವರು, ಸಂಘದ ನಿರ್ದೇಶಕರು, ಎಪಿಎಂಸಿಗೆ ಮಾಲು ಹಾಕುವವರು ಒಂದು ಸಲ ಹೋಗಿ ಕೇಳಿ ಅಂತ ಮನಸ್ಸಿನಿಂದ ಹೇಳುತ್ತೇನೆ.

ನಾಲ್ಕು ಭಾನುವಾರದ ಸರಣಿಗೆ 300 ರೂಪಾಯಿ. ಡೇರಿಗೆ ಹಾಲು ಹಾಕುವ ಪಾಸ್‌ಬುಕ್ ತೋರಿಸಿದರೆ ಅರ್ಧ. ಮಧ್ಯಾಹ್ನ 12ಕ್ಕೆ ಶುರುವಾಗಿ ಎರಡೂವರೆಗೆ ಮುಗಿಯುತ್ತದೆ. ಈ ಹೊತ್ತು ಯಾಕೆ ಅಂದರೆ, ಬಂದವರು ಸಂಜೆ ಹಾಲು ಕರೆಯುವಷ್ಟರಲ್ಲಿ ಊರು ಸೇರಬೇಕು. ನಮ್ಮನ್ನು ಕರೆಯುವ ಎಷ್ಟೋ ತರಬೇತಿಗಳು ಸಂಜೆ ಐದಾದರೂ ಬಿಡುವುದಿಲ್ಲ. ಹಸು ಕಾಯುತ್ತದೆಯೇ? ಈ ಮೇಷ್ಟ್ರಿಗೆ ಆ ವಿಷಯ ಗೊತ್ತಿದೆ. ಗಡಿಯಾರ ನೋಡಿಯೇ ಪಾಠ ಮುಗಿಸುತ್ತಾರೆ. ಕುರ್ಚಿಗಳು ಪ್ಲಾಸ್ಟಿಕ್‌ನವು, ಆದರೆ ಗಟ್ಟಿ ಇವೆ. ಟೀ ಕೆಳಗಿನ ಅಂಗಡಿಯಿಂದ ಬರುತ್ತದೆ, ಅದಕ್ಕೆ ದುಡ್ಡು ಬೇರೆ. ಹೆಂಗಸರಿಗೆ ಒಂದು ಮಾತು: ಶೌಚಾಲಯ ಕೆಳಗೆ ಅಂಗಡಿಯ ಹಿಂದೆ ಇದೆ, ಬೀಗದ ಕೈ ಗಲ್ಲಾದಲ್ಲಿರುತ್ತದೆ. ಕೇಳಿದರೆ ಕೊಡುತ್ತಾರೆ, ಚೊಕ್ಕಟವಾಗಿದೆ.

ಮೇಷ್ಟ್ರು ಪುಸ್ತಕ ಹಿಡಿದು ಓದುವವರಲ್ಲ. ಗೋಡೆಯ ಮೇಲೆ ಯುರೋಪಿನ ದೊಡ್ಡ ನಕ್ಷೆ, ಪಕ್ಕದಲ್ಲಿ ಕೋಲಾರ ಜಿಲ್ಲೆಯ ನಕ್ಷೆ. ಅಲ್ಲೊಂದು ಮಾತು ಬಂದರೆ ಇಲ್ಲಿಗೆ ಬೆರಳಿಡುತ್ತಾರೆ. ನನ್ನ ಪಕ್ಕ ಕೂರುತ್ತಿದ್ದ ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಅವರಿಗೂ ಕಥೆ ಕೈ ತಪ್ಪಲಿಲ್ಲ. 'ಏನಮ್ಮಾ, ನಿಮ್ಮೂರಲ್ಲಾದರೆ ಇದಕ್ಕೆ ಏನು ಮಾಡ್ತಿದ್ರಿ?' ಅಂತ ಅವರನ್ನೇ ಕೇಳುತ್ತಿದ್ದರು. ಅವರು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದೇ ಮುಂದೆ ಹೋಗುತ್ತಿದ್ದರು.

ಮಾನ್ಸ್‌ಹೋಲ್ಟ್ ಹುಟ್ಟಿದ್ದು 1908ರಲ್ಲಿ, ನೆದರ್‌ಲೆಂಡ್ಸ್‌ನ ಉತ್ತರದ ಗ್ರೋನಿಂಗನ್ ಪ್ರಾಂತ್ಯದ ಉಲ್ರುಮ್ ಅನ್ನುವ ಕಡೆ. ಒಕ್ಕಲು ಮನೆತನ. ತಂದೆ ಸಮಾಜವಾದಿ ಪಕ್ಷದವರು. ತಾಯಿ ನ್ಯಾಯಾಧೀಶರ ಮಗಳು. ಆ ದೇಶದಲ್ಲಿ ರಾಜ್ಯಶಾಸ್ತ್ರ ಓದಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಬೇರೆ ಹೆಂಗಸರನ್ನು ಸೇರಿಸಿ ರಾಜಕೀಯದ ಸಭೆ ನಡೆಸುತ್ತಿದ್ದರಂತೆ. ಮೇಷ್ಟ್ರು ಈ ತಾಯಿಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ನನಗೆ ಅದು ಸಾಲಲಿಲ್ಲ. ಮಗ ದೊಡ್ಡ ಮಂತ್ರಿಯಾದ ಕಥೆ ಹೇಳುವಾಗ, ಅವನಿಗೆ ಮನೆಯಲ್ಲೇ ರಾಜಕೀಯ ಕಲಿಸಿದವರ ಬಗ್ಗೆ ಇನ್ನಷ್ಟು ಹೊತ್ತು ನಿಲ್ಲಬೇಕು.

ಹುಡುಗನಿಗೆ ಬೇಸಾಯ ಮಾಡುವ ಆಸೆ. ಆದರೆ ಮನೆಯವರಿಗೆ ಅವನಿಗೆಂದು ಬೇರೆ ಜಮೀನು ಕೊಡಿಸುವಷ್ಟು ಶಕ್ತಿ ಇರಲಿಲ್ಲ. 1934ರಲ್ಲಿ ಡಚ್ಚರ ಕೈಯಲ್ಲಿದ್ದ ಜಾವಾಕ್ಕೆ ಹೋಗಿ ಟೀ ತೋಟದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ವಸಾಹತು ಆಡಳಿತದ ರೀತಿ ಸರಿಬರಲಿಲ್ಲ. 1936ಕ್ಕೆ ವಾಪಸ್ ಬಂದರು. ಮುಂದಿನ ವರ್ಷ ವೀರಿಂಗರ್‌ಮೇರ್ ಅನ್ನುವ ಕಡೆ ಜಮೀನು ಸಿಕ್ಕಿತು. ಇದು ಸಮುದ್ರದ ನೀರು ಹೊರಗೆ ಹಾಕಿ ಮಾಡಿದ ನೆಲ, ಸುಮಾರು 20 ಸಾವಿರ ಹೆಕ್ಟೇರು. 1930ರ ತನಕ ಅಲ್ಲಿ ಮೀನು ಓಡಾಡುತ್ತಿತ್ತು. ಮೇಷ್ಟ್ರು ಇಲ್ಲಿ ಕೋಲಾರದ ನಕ್ಷೆಯ ಕೆರೆಗಳ ಮೇಲೆ ಕೈಯಾಡಿಸಿ, 'ನಾವು ನೀರು ನಿಲ್ಲಲಿ ಅಂತ ಕಟ್ಟೆ ಹಾಕಿದವರು, ಅವರು ನೀರು ಬರದಿರಲಿ ಅಂತ ಕಟ್ಟೆ ಹಾಕಿದವರು' ಅಂದರು. ಕೆರೆ ತುಂಬಲಿ ಅಂತ ವರ್ಷವಿಡೀ ಆಕಾಶ ನೋಡುವ ನಮಗೆ ಆ ದೇಶ ಎಂಥದ್ದು ಅಂತ ಅಷ್ಟರಲ್ಲೇ ತಿಳಿಯಿತು.

1940ರಲ್ಲಿ ಜರ್ಮನ್ ಸೈನ್ಯ ಬಂತು. ಮಾನ್ಸ್‌ಹೋಲ್ಟ್ ಭೂಗತ ಹೋರಾಟಕ್ಕೆ ಸೇರಿದರು. ಜೀವಭಯ ಇದ್ದವರನ್ನು ತಮ್ಮ ಜಮೀನಿನ ಮನೆಯಲ್ಲಿ ಬಚ್ಚಿಟ್ಟರು. ಪಶ್ಚಿಮದ ಊರುಗಳಿಗೆ ಕದ್ದುಮುಚ್ಚಿ ಆಹಾರ ಸಾಗಿಸುವ ವ್ಯವಸ್ಥೆ ಮಾಡಿದರು. 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಬರಗಾಲವನ್ನೂ ಮೀರಿದ ಹಸಿವು. ಸುಮಾರು 20 ಸಾವಿರ ಜನ ಸತ್ತರು. ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು, ಸಕ್ಕರೆ ಬೀಟ್ ತಿಂದರು. ಯುದ್ಧ ಮುಗಿಯಲು ಕೆಲವೇ ವಾರ ಇದ್ದಾಗ, 1945ರ ಏಪ್ರಿಲ್‌ನಲ್ಲಿ, ಜರ್ಮನ್ನರು ವೀರಿಂಗರ್‌ಮೇರ್‌ನ ಕಟ್ಟೆ ಒಡೆದುಹಾಕಿದರು. ಬೆಳೆಯುವ ನೆಲವೆಲ್ಲ ಮತ್ತೆ ನೀರಿನ ಪಾಲು.

ಅದಾಗಿ ಎರಡು ತಿಂಗಳಿಗೆ ಹೊಸ ಪ್ರಧಾನಿ ಸ್ಖೆರ್ಮರ್‌ಹಾರ್ನ್ ಅವರು ಮಾನ್ಸ್‌ಹೋಲ್ಟ್ ಅವರನ್ನು ಕರೆದು ಕೃಷಿ, ಮೀನುಗಾರಿಕೆ ಮತ್ತು ಆಹಾರ ಖಾತೆ ವಹಿಸಿದರು. ವಯಸ್ಸು 36. ಸಂಪುಟದಲ್ಲಿ ಎಲ್ಲರಿಗಿಂತ ಚಿಕ್ಕವರು. ಈ ಜಾಗದಲ್ಲಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಪರೀಕ್ಷೆಯ ಹುಡುಗರ ಕಡೆ ತಿರುಗಿ, 'ಮಂತ್ರಿಯಾದ ದಿನ ಇವರ ಜಮೀನು ಇನ್ನೂ ನೀರಿನಲ್ಲಿತ್ತು, ಇದನ್ನು ಬರೆದುಕೊಳ್ಳಿ' ಅಂದರು. ಇಸವಿ ನೆನಪಿಡಿ ಅನ್ನಲಿಲ್ಲ. ಈ ತರಗತಿಯಲ್ಲಿ ನನಗೆ ಹಿಡಿಸಿದ್ದು ಇದೇ. ಯಾವ ವಿಷಯದಿಂದ ಮುಂದಿನದು ಹುಟ್ಟುತ್ತದೋ ಅದನ್ನು ಬಿಡದೆ ಹಿಡಿಯುತ್ತಾರೆ. ಇನ್ನು ಮೇಲೆ ಜನ ಹಸಿದುಕೊಂಡು ಇರಬಾರದು, ಊಟಕ್ಕೆ ಹೊರಗಿನವರನ್ನು ನಂಬಬಾರದು ಅನ್ನುವ ಹಟ ಎಲ್ಲಿಂದ ಬಂತು ಅಂತ ಆಮೇಲೆ ಯಾರೂ ಕೇಳಬೇಕಾಗಲಿಲ್ಲ.

ಎರಡನೇ ಭಾನುವಾರ ಮಂತ್ರಿಗಿರಿಯ ವರ್ಷಗಳು. 1945ರಿಂದ 1957ರ ಕೊನೆಯ ತನಕ ಪ್ರಧಾನಿಗಳು ಬದಲಾದರು, ಸಂಪುಟಗಳು ಬದಲಾದವು, ಕೃಷಿ ಖಾತೆ ಮಾತ್ರ ಇವರ ಕೈ ಬಿಡಲಿಲ್ಲ. ರೈತರಿಗೆ ಕನಿಷ್ಠ ಬೆಲೆಯ ಭರವಸೆ, ಚೂರುಚೂರಾಗಿದ್ದ ಜಮೀನು ಒಟ್ಟುಗೂಡಿಸುವುದು, ಸಂಶೋಧನೆ, ಊರಿಗೇ ಬಂದು ಹೇಳಿಕೊಡುವ ಕೃಷಿ ಅಧಿಕಾರಿಗಳು, ಟ್ರ್ಯಾಕ್ಟರು. ಒಂದೊಂದಾಗಿ ರೇಷನ್ ತೆಗೆದರು. ಕೊನೆಯದಾಗಿ ರೇಷನ್‌ನಿಂದ ಹೊರಬಂದದ್ದು ಕಾಫಿ, 1952ರಲ್ಲಿ. ಹೊಟ್ಟೆಗಿಲ್ಲದ ದೇಶ ಕೆಲವೇ ವರ್ಷಗಳಲ್ಲಿ ಬೆಣ್ಣೆ, ಚೀಸು, ಮೊಟ್ಟೆ ಹೊರಗೆ ಮಾರುವ ದೇಶವಾಯಿತು. ಈ ಪಾಠ ಸ್ವಲ್ಪ ಓಡಿತು ಅಂತಲೇ ಹೇಳಬೇಕು. ಯೋಜನೆಗಳ ಪಟ್ಟಿ ಜಾಸ್ತಿ, ಕಥೆ ಕಡಿಮೆ. ಪರೀಕ್ಷೆಯವರಿಗೆ ಇಷ್ಟವಾಯಿತು. ನಮ್ಮ ಸಾಲಿನಲ್ಲಿ ಆಕಳಿಕೆ.

ಆದರೆ ಕೊನೆಯ ಅರ್ಧ ಗಂಟೆಯಲ್ಲಿ ಪಾಠ ನಮ್ಮ ಮನೆ ಬಾಗಿಲಿಗೇ ಬಂತು. ಅಲ್ಲಿ ಮಾನ್ಸ್‌ಹೋಲ್ಟ್ ಮಂತ್ರಿಯಾಗಿದ್ದ ಕಾಲದಲ್ಲೇ ಇಲ್ಲಿ ನೆಹರೂ ಸರ್ಕಾರದಲ್ಲಿ ಕೃಷಿ ಖಾತೆಯ ಉಪಸಚಿವರಾಗಿದ್ದವರು ನಮ್ಮ ಎಂ.ವಿ. ಕೃಷ್ಣಪ್ಪ. ಕೋಲಾರಕ್ಕೆ ಹೈನುಗಾರಿಕೆ ತಂದವರು ಅಂತ ಇಂದಿಗೂ ಜಿಲ್ಲೆಯಲ್ಲಿ ಅವರ ಹೆಸರು ಹೇಳಿ ಕೈಮುಗಿಯುವವರಿದ್ದಾರೆ. ಮೇಷ್ಟ್ರು ಬೋರ್ಡಿನ ನಡುವೆ ಗೆರೆ ಎಳೆದು ಎರಡೂ ಕಡೆ ಎರಡು ಹೆಸರು ಬರೆದರು. ಕೆಳಗೆ ನಮ್ಮ ಕೊಟ್ಟಿಗೆಯ ಕಪ್ಪು ಬಿಳಿ ಹಸುವಿನ ಹೆಸರು: ಹೋಲ್‌ಸ್ಟೀನ್ ಫ್ರೀಶಿಯನ್, ನಾವು ಎಚ್‌ಎಫ್ ಅನ್ನುವುದು. ಫ್ರೀಸ್‌ಲ್ಯಾಂಡ್ ಅನ್ನುವುದು ಮಾನ್ಸ್‌ಹೋಲ್ಟ್ ಹುಟ್ಟಿದ ಗ್ರೋನಿಂಗನ್‌ನ ಪಕ್ಕದ ಪ್ರಾಂತ್ಯ. ನಕ್ಷೆಯಲ್ಲಿ ತೋರಿಸಿದರು. ದಿನಾ ಬೆಳಗ್ಗೆ ನಾನು ಸಗಣಿ ಬಾಚಿ, ಬೂಸಾ ಕಲಸಿ ಇಡುವ ಹಸುವಿನ ತವರು ಅದು. ನನ್ನ ಜೊತೆ ಬಂದಿದ್ದ ನಮ್ಮ ಸಂಘದ ಅಧ್ಯಕ್ಷೆ ಎದ್ದು ಹೋಗಿ ಆ ಜಾಗವನ್ನು ಹತ್ತಿರದಿಂದ ನೋಡಿ ಬಂದರು.

ಮೂರನೇ ಭಾನುವಾರದ ಪಾಠ ಎಲ್ಲಕ್ಕಿಂತ ಚೆನ್ನಾಗಿತ್ತು. ಇಡೀ ಸರಣಿಗೆ ಬರಲು ಆಗದವರು ಇದೊಂದನ್ನಾದರೂ ಕೇಳಿ. 1958ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್ ಸೇರಿ ಒಂದೇ ಮಾರುಕಟ್ಟೆ ಮಾಡಲು ಹೊರಟವು. ಅದರ ಆಡಳಿತಕ್ಕೆ ಬ್ರಸೆಲ್ಸ್‌ನಲ್ಲಿ ಮೊದಲ ಯುರೋಪಿಯನ್ ಆಯೋಗ ಕೂತಿತು. ಮಾನ್ಸ್‌ಹೋಲ್ಟ್ ಅದರ ಉಪಾಧ್ಯಕ್ಷರಾದರು, ಕೃಷಿ ಅವರ ಪಾಲಿಗೆ ಬಂತು. ಅದೇ ವರ್ಷ ಇಟಲಿಯ ಸ್ತ್ರೇಸಾ ಊರಿನಲ್ಲಿ ಎಲ್ಲರೂ ಕೂತು ಮಾತಾಡಿದರು. ಒಂದೊಂದು ದೇಶದ್ದೂ ಒಂದೊಂದು ರಾಗ. ಜರ್ಮನಿಯಲ್ಲಿ ಗೋಧಿಗೆ ಬೆಲೆ ಜಾಸ್ತಿ, ಫ್ರಾನ್ಸಿನಲ್ಲಿ ಕಡಿಮೆ. ಯಾರ ಬೆಲೆ ಎಲ್ಲರ ಬೆಲೆಯಾಗಬೇಕು? 1961ರ ಡಿಸೆಂಬರ್ ಕೊನೆಗೆ ಒಪ್ಪಂದ ಮುಗಿಸಬೇಕಿತ್ತು, ಆಗಲಿಲ್ಲ. ಗಡಿಯಾರ ನಿಲ್ಲಿಸಿದ್ದೇವೆ, ಇನ್ನೂ ಡಿಸೆಂಬರ್ 31 ಅಂತಲೇ ಲೆಕ್ಕ ಅಂದುಕೊಂಡು ರಾತ್ರಿ ಹಗಲು ಕೂತು, 1962ರ ಜನವರಿ 14ಕ್ಕೆ ಒಪ್ಪಿದರು. ಗೋಧಿಗೆ ಒಂದೇ ಬೆಲೆ ಅಂತ ತೀರ್ಮಾನವಾಗಲು 1964ರ ಡಿಸೆಂಬರ್ ತನಕ ಕಾಯಬೇಕಾಯಿತು, ಅದು ಜಾರಿಗೆ ಬಂದದ್ದು 1967ರ ಜುಲೈಗೆ.

ಒಪ್ಪಂದದ ತಿರುಳು ಇಷ್ಟು. ಆರು ದೇಶಗಳ ಒಳಗೆ ಮಾಲು ಎಲ್ಲಿ ಬೇಕಾದರೂ ಹೋಗಬಹುದು. ಹೊರಗಿನ ಅಗ್ಗದ ಮಾಲು ಬಂದರೆ ಗಡಿಯಲ್ಲಿ ತೆರಿಗೆ. ಬೆಲೆ ಒಂದು ಮಟ್ಟಕ್ಕಿಂತ ಬಿದ್ದರೆ ಸರ್ಕಾರಿ ಗೋದಾಮು ಕೊಂಡುಕೊಳ್ಳಬೇಕು. ಖರ್ಚು ಎಲ್ಲರೂ ಸೇರಿ ಹಾಕಬೇಕು. ಇದನ್ನು ಬಾಯಲ್ಲಿ ಹೇಳಿ ಬಿಟ್ಟಿದ್ದರೆ ನಾವು ತಲೆಯಾಡಿಸಿ ಮನೆಗೆ ಹೋಗುತ್ತಿದ್ದೆವು. ಮೇಷ್ಟ್ರು ಕೆಂಪು ಕಾಗದದ ಚೀಟಿಗಳನ್ನು ತೆಗೆದರು. ಒಂದು ಚೀಟಿ ಅಂದರೆ 15 ಕೆಜಿಯ ಒಂದು ಬಾಕ್ಸ್ ಟೊಮೆಟೊ. ನಮ್ಮ ಸಾಲಿನವರೆಲ್ಲ ರೈತರು. ಹಿಂದಿನ ಸಾಲು ಬೆಂಗಳೂರಿನ ಗಿರಾಕಿ. ಕೋಚಿಂಗ್‌ಗೆ ಬರುವ ಒಬ್ಬ ಹುಡುಗಿಯನ್ನು ಮುಂದೆ ಕರೆದು ಮೇಜಿನ ಹಿಂದೆ ಕೂರಿಸಿ, 'ನೀನು ಗೋದಾಮು' ಅಂದರು. ಕನಿಷ್ಠ ಬೆಲೆ ಎಷ್ಟಿರಬೇಕು ಅಂತ ನಮ್ಮನ್ನೇ ಕೇಳಿದರು. ಗೊಬ್ಬರ, ಔಷಧಿ, ಕಡ್ಡಿ, ದಾರ, ಕೂಲಿ, ಲಗೇಜು, ಮಂಡಿ ಕಮಿಷನ್ ಎಲ್ಲ ಲೆಕ್ಕ ಹಾಕಿ 250 ರೂಪಾಯಿ ಅಂದೆವು.

ಮೊದಲ ಸುತ್ತಿನಲ್ಲಿ ಹರಾಜಿನ ಬೆಲೆ 180. ಉಳಿದದ್ದನ್ನು ಹುಡುಗಿ 250ಕ್ಕೆ ಕೊಂಡಳು. ಚಪ್ಪಾಳೆ. ಎರಡನೇ ಸುತ್ತಿನಲ್ಲಿ ಯಾರು ಎಷ್ಟು ನಾಟಿ ಮಾಡುತ್ತೀರಿ ಅಂತ ಕೇಳಿದರು. ನಾನು ಜಾಸ್ತಿ ಹಾಕಿದೆ, ಪಕ್ಕದವರೂ ಜಾಸ್ತಿ ಹಾಕಿದರು. ಬೆಲೆ ಬೀಳುವುದಿಲ್ಲ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಎರಡೆಕರೆಯವನಿಗೂ ಇಪ್ಪತ್ತೆಕರೆಯವನಿಗೂ ಬೆಲೆ ಒಂದೇ ಆದ್ದರಿಂದ, ಗೋದಾಮಿನ ದುಡ್ಡಿನಲ್ಲಿ ಹೆಚ್ಚು ಪಾಲು ಇಪ್ಪತ್ತೆಕರೆಯವನ ಕಡೆ ಹೋಯಿತು. ಇದನ್ನು ಮೇಷ್ಟ್ರು ಹೇಳಲಿಲ್ಲ, ಬೋರ್ಡಿನ ಲೆಕ್ಕ ನೋಡಿ ಮುಂದಿನ ಕುರ್ಚಿಯ ಒಬ್ಬ ರೈತರೇ ಕಂಡುಹಿಡಿದರು. ಮೂರನೇ ಸುತ್ತಿಗೆ ಮೇಜಿನ ಮೇಲೆ ಚೀಟಿ ತುಂಬಿ ನೆಲಕ್ಕೆ ಬೀಳತೊಡಗಿತು. ಹುಡುಗಿ ಎದ್ದು ನಿಂತು, 'ಸರ್, ಇನ್ನು ನಾನು ಎಲ್ಲಿಡಲಿ?' ಅಂದಳು. 'ಈ ಪ್ರಶ್ನೆಯನ್ನೇ 1968ರಲ್ಲಿ ಮಾನ್ಸ್‌ಹೋಲ್ಟ್ ಕೇಳಿಕೊಂಡರು' ಅಂತ ಮೇಷ್ಟ್ರು ಪಾಠ ನಿಲ್ಲಿಸಿದರು.

ಟೊಮೆಟೊ ಕೊಳೆಯುತ್ತದೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ ಬಾಕ್ಸ್ 2 ಸಾವಿರ ದಾಟಿದ್ದನ್ನೂ ಕಂಡಿದ್ದೇವೆ, ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದೇವೆ. ಬೆಣ್ಣೆ, ಹಾಲಿನ ಪುಡಿ ಹಾಗಲ್ಲ, ಶೀತಲ ಗೋದಾಮಿನಲ್ಲಿ ಕೂತಿರುತ್ತವೆ. ಯುರೋಪಿನಲ್ಲಿ ಬೆಣ್ಣೆ ಬೆಟ್ಟದಂತೆ ರಾಶಿ ಬಿತ್ತು. ಹಸಿವಿನಿಂದ ಶುರುವಾದ ಕೆಲಸ ರಾಶಿಯಲ್ಲಿ ಸಿಕ್ಕಿಕೊಂಡಿತು. ಒಂದು ಕಾಲದಲ್ಲಿ ಯುರೋಪಿನ ಒಟ್ಟು ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಈ ಕೃಷಿ ವ್ಯವಸ್ಥೆಗೇ ಹೋಗುತ್ತಿತ್ತು.

ನಾಲ್ಕನೇ ಭಾನುವಾರಕ್ಕೆ ಕೋಣೆ ತುಂಬಿತ್ತು. 1968ರ ಡಿಸೆಂಬರ್‌ನಲ್ಲಿ ಮಾನ್ಸ್‌ಹೋಲ್ಟ್ ಮುಂದಿಟ್ಟ ಯೋಜನೆಯ ಅಂಕಿಗಳನ್ನು ಮೇಷ್ಟ್ರು ಏನೂ ಹೇಳದೆ ಬೋರ್ಡಿನ ಮೇಲೆ ಬರೆದರು. ಬೆಲೆ ಏರಿಸಿ ಸಣ್ಣ ರೈತರನ್ನು ಉಳಿಸಲು ಆಗುವುದಿಲ್ಲ, ಜಮೀನೇ ದೊಡ್ಡದಾಗಬೇಕು ಅನ್ನುವುದು ವಾದ. ಗೋಧಿಯಂಥ ಧಾನ್ಯದ ಬೆಳೆಗೆ ಒಂದು ಘಟಕ 80ರಿಂದ 120 ಹೆಕ್ಟೇರ್ ಇರಬೇಕು. ಅಂದರೆ ಸುಮಾರು 200ರಿಂದ 300 ಎಕರೆ. ಹೈನುಗಾರಿಕೆ ಮಾಡಿದರೆ 40ರಿಂದ 60 ಹಸು. 1980ರ ಹೊತ್ತಿಗೆ ಸುಮಾರು 50 ಲಕ್ಷ ಜನ ಬೇಸಾಯ ಬಿಡಬೇಕು. 50 ಲಕ್ಷ ಹೆಕ್ಟೇರ್ ನೆಲ ಬೇಸಾಯದಿಂದ ಹೊರಗೆ ಹೋಗಬೇಕು. ಹಾಲಿನ ಹಸುಗಳ ಸಂಖ್ಯೆ ಇಳಿಸಬೇಕು.

ನಮ್ಮ ಸಂಘದಲ್ಲಿ ಹಾಲು ಹಾಕುವವರಲ್ಲಿ ಹೆಚ್ಚಿನವರಿಗೆ ಒಂದು, ಎರಡು, ಅಬ್ಬಬ್ಬಾ ಅಂದರೆ ನಾಲ್ಕು ಹಸು. ಗಂಡ ಇಲ್ಲದವರು ಇದ್ದಾರೆ, ಒಂದೇ ಹಸುವಿನಲ್ಲಿ ಮಗಳನ್ನು ನರ್ಸಿಂಗ್ ಓದಿಸುತ್ತಿರುವವರು ಇದ್ದಾರೆ. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಯಾವಾಗ ಬರುತ್ತದೆ ಅಂತ ದಿನಾ ಕೇಳುವವರು ಇವರೇ. ಬೋರ್ಡಿನ ಮೇಲಿನ 40 ಅನ್ನುವ ಅಂಕಿ ನೋಡಿದಾಗ ನನಗೆ ಕಾಣಿಸಿದ್ದು ನಮ್ಮ ಡೇರಿ ಮುಂದಿನ ಸಾಲು. ಆ ಅಂಕಿಯ ಪ್ರಕಾರ ಸಾಲಿನಲ್ಲಿ ಒಬ್ಬರೂ ಉಳಿಯುವುದಿಲ್ಲ.

ಮೇಷ್ಟ್ರು ಇನ್ನೊಂದು ಬದಿಯನ್ನೂ ಮುಚ್ಚಿಡಲಿಲ್ಲ. ಬೇಸಾಯ ಬಿಡುವ ವಯಸ್ಸಾದವರಿಗೆ ಪಿಂಚಣಿ, ಹರೆಯದವರಿಗೆ ಬೇರೆ ಕೆಲಸದ ತರಬೇತಿ, ಉಳಿದವರಿಗೆ ಸಾಲ ಸಹಾಯ ಯೋಜನೆಯಲ್ಲೇ ಇತ್ತು. ಒಬ್ಬ ಹುಡುಗ ಎದ್ದು, 'ಎರಡೆಕರೆಯಲ್ಲಿ ಸಾಯೋದಕ್ಕಿಂತ ಅದೇ ವಾಸಿ ಅಲ್ವಾ ಸರ್' ಅಂದ. ವೇಮಗಲ್ ಕಡೆಯ ಒಬ್ಬ ಹಿರಿಯರಿಗೆ ಕೋಪ ಬಂತು. 'ಹೋಗು ಅನ್ನೋರು ಎಲ್ಲಿಗೆ ಅಂತಲೂ ಹೇಳಬೇಕಪ್ಪಾ' ಅಂದರು. ಚರ್ಚೆ ಜೋರಾಯಿತು. ಮೇಷ್ಟ್ರು ತಡೆಯಲಿಲ್ಲ, ಯಾರ ಪರವೂ ಮಾತಾಡಲಿಲ್ಲ. ಇಬ್ಬರ ಮಾತೂ ಬೋರ್ಡಿಗೆ ಹೋಯಿತು.

ಅಲ್ಲಿನ ರೈತರೂ ಸುಮ್ಮನಿರಲಿಲ್ಲ. 1971ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಕೃಷಿ ಮಂತ್ರಿಗಳ ಸಭೆಗೆ ರೈತರು ಹಸುಗಳನ್ನೇ ನುಗ್ಗಿಸಿದರು. ಮಾರ್ಚ್‌ನಲ್ಲಿ ಸುಮಾರು 1 ಲಕ್ಷ ರೈತರು ಬೀದಿಗಿಳಿದರು. ಗಲಾಟೆಯಲ್ಲಿ ಒಬ್ಬರ ಪ್ರಾಣ ಹೋಯಿತು, ಎಷ್ಟೋ ಜನ ಗಾಯಗೊಂಡರು. ಸ್ವತಃ ನೇಗಿಲು ಹಿಡಿದು ಬಂದ ಮನುಷ್ಯನ ಮೇಲೇ ರೈತರ ಸಿಟ್ಟು. 1972ರಲ್ಲಿ ಯೋಜನೆ ತೀರಾ ಸಣ್ಣದಾಗಿ ಮೂರು ಆದೇಶಗಳ ರೂಪದಲ್ಲಿ ಬಂತು. ಹಾಲಿನ ರಾಶಿ ಮಾತ್ರ ಕರಗಲಿಲ್ಲ. ಕೊನೆಗೆ 1984ರಲ್ಲಿ ಯಾರು ಎಷ್ಟು ಹಾಲು ಹಾಕಬಹುದು ಅಂತ ಕೋಟಾ ತಂದರು. ಅದು 2015ರ ತನಕ ಇತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಮಾನ್ಸ್‌ಹೋಲ್ಟ್ ಮೇಲೆ ಬೇಜಾರು ಮಾಡಿಕೊಂಡೇ ಮನೆಗೆ ಬರುತ್ತಿದ್ದೆ. ಆದರೆ 1972ರ ಫೆಬ್ರವರಿಯಲ್ಲಿ ಅವರು ಆಯೋಗದ ಅಧ್ಯಕ್ಷ ಮಲ್ಫಾತ್ತಿ ಅವರಿಗೆ ಒಂದು ಪತ್ರ ಬರೆದರು. ಭೂಮಿ ಎಷ್ಟು ಬೆಳವಣಿಗೆಯನ್ನು ತಡೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೋಮ್ ಕ್ಲಬ್ ಅನ್ನುವ ಚಿಂತಕರ ಕೂಟಕ್ಕಾಗಿ ಮಾಡಿದ ಅಧ್ಯಯನ ಅವರ ಕೈಗೆ ಬಂದಿತ್ತು. ಅದನ್ನು ನೋಡಿದ ಮೇಲೆ, ರಾಷ್ಟ್ರದ ಉತ್ಪನ್ನ ಎಷ್ಟು ಏರಿತು ಅನ್ನುವುದನ್ನೇ ಗುರಿ ಮಾಡಿಕೊಂಡು ಹೋಗಲು ಆಗದು, ನೆಲ, ನೀರು, ಕಚ್ಚಾವಸ್ತು ಉಳಿಯುವ ಹಾಗೆ ಉತ್ಪಾದನೆ ಬದಲಾಗಬೇಕು, ಬಳಕೆ ಕಡಿಮೆಯಾಗಬೇಕು ಅಂತ ಬರೆದರು. ಬರೆದದ್ದು ಯಾರು? ಹೆಚ್ಚು ಬೆಳೆಯಿರಿ ಅಂತ 1945ರಿಂದ ಹೇಳುತ್ತಾ ಬಂದ ಮನುಷ್ಯ. ಆಯೋಗದ ಒಳಗೇ, ಇನ್ನೊಬ್ಬ ಸದಸ್ಯರಾದ ಫ್ರಾನ್ಸಿನ ರೇಮೋಂ ಬಾರ್ ಅವರು ಒಪ್ಪಲಿಲ್ಲ. ಫ್ರಾನ್ಸಿನ ಕಮ್ಯುನಿಸ್ಟ್ ನಾಯಕ ಮಾರ್ಷೆ ಪತ್ರವನ್ನು ಬಹಿರಂಗ ಮಾಡಿ ಟೀಕಿಸಿದರು. ಅಷ್ಟರಲ್ಲಿ ಮಲ್ಫಾತ್ತಿ ಇಟಲಿಯ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. 1972ರ ಮಾರ್ಚ್‌ನಲ್ಲಿ ಮಾನ್ಸ್‌ಹೋಲ್ಟ್ ಅವರೇ ಅಧ್ಯಕ್ಷರಾದರು. 1973ರ ಜನವರಿಯ ತನಕ ಇದ್ದರು. ಆಮೇಲೆ ಅಧಿಕಾರ ಬಿಟ್ಟು, ಪರಿಸರದ ಪರವಾಗಿ ಮಾತಾಡುತ್ತಾ, 1995ರಲ್ಲಿ ತೀರಿಕೊಂಡರು.

ಕುರ್ಚಿಯಲ್ಲಿ ಕೂತಿರುವಾಗಲೇ, ತಾನು ಕಟ್ಟಿದ್ದರ ದಿಕ್ಕು ಬದಲಾಗಬೇಕು ಅಂತ ಬರವಣಿಗೆಯಲ್ಲಿ ಕೊಡುವ ರಾಜಕಾರಣಿ ಅಪರೂಪ. ಅದಕ್ಕೆ ನಾನು ಅವರಿಗೆ ಗೌರವ ಕೊಡುತ್ತೇನೆ. ಆದರೆ ಮೇಷ್ಟ್ರು ಆ ಪತ್ರ ಹೇಳುವಾಗ ದನಿ ಮೆತ್ತಗಾಗಿ, ಎಲ್ಲಕ್ಕೂ ಪರಿಹಾರ ಸಿಕ್ಕಂತೆ ಹೇಳಿದರು. ಅದನ್ನು ನಾನು ಒಪ್ಪುವುದಿಲ್ಲ, ಅಲ್ಲೇ ಹೇಳಿದೆ ಕೂಡ. ಪತ್ರ ಬರೆಯುವ ಹೊತ್ತಿಗೆ ಬೇಸಾಯ ಬಿಟ್ಟವರು ಬಿಟ್ಟಾಗಿತ್ತು. ಮಾರಿದ ಹಸು ತಿರುಗಿ ಕೊಟ್ಟಿಗೆಗೆ ಬರುವುದಿಲ್ಲ. ಅವರ ಮನೆಗಳ ಕಥೆ ಈ ಸರಣಿಯಲ್ಲಿ ಇಲ್ಲ, ಮುಖ್ಯವಾಗಿ ಹೆಂಗಸರದ್ದು. ಹಾಲು ಕರೆದವರು ಅಲ್ಲೂ ಅವರೇ ಇರಬೇಕಲ್ಲ? ಮೇಷ್ಟ್ರು ಮುನಿಸಿಕೊಳ್ಳದೆ ಕೇಳಿ, ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಇನ್ನು ಕೊರತೆಗಳು. ಮೆಟ್ಟಿಲು ಕಡಿದು, ಹಿಡಿಯಲು ಕಂಬಿ ಇಲ್ಲ. ಮಂಡಿನೋವು ಇರುವವರಿಗೆ ಕಷ್ಟ. ಯಾರಾದರೂ ಕೈಹಿಡಿದು ಹತ್ತಿಸಬೇಕು. ಫ್ಯಾನ್ ಸದ್ದಿಗೆ ಹಿಂದಿನ ಸಾಲಿಗೆ ಮಾತು ಕೇಳಿಸುವುದಿಲ್ಲ, ಬೇಗ ಹೋಗಿ ಮುಂದೆ ಕೂರಿ. ಕೊಡುವ ಜೆರಾಕ್ಸ್ ಹಾಳೆಯ ಅಕ್ಷರ ತೀರಾ ಸಣ್ಣ. ಹಾಳೆಯಲ್ಲಿ ಹೆಕ್ಟೇರ್ ಮಾತ್ರ ಇದೆ, ಎಕರೆಯಲ್ಲೂ ಬರೆದರೆ ನಮಗೆ ಅನುಕೂಲ. ಬಸ್ಸಿನಲ್ಲಿ ಬರುವವರು ಬುತ್ತಿ ತನ್ನಿ, ಭಾನುವಾರ ಹತ್ತಿರದ ಹೋಟೆಲ್ ಮುಚ್ಚಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ, 1973ರ ಮೇಲಿನದ್ದೆಲ್ಲ ಕಾಲು ಗಂಟೆಯಲ್ಲಿ ಮುಗಿದದ್ದು. ಈಗ ಆ ದೇಶ ಹೇಗಿದೆ ಅಂತ ನಾವೇ ಕೇಳಿ ಹೇಳಿಸಿಕೊಂಡೆವು. ಹಸು, ಹಂದಿಗಳು ಜಾಸ್ತಿಯಾಗಿ ಗೊಬ್ಬರದ ಸಾರಜನಕ ಕಾಡು ಮತ್ತು ನೀರನ್ನು ಕೆಡಿಸುತ್ತಿದೆ ಅಂತ ಅಲ್ಲಿ ದೊಡ್ಡ ಜಗಳ. ದನಗಳ ಸಂಖ್ಯೆ ಇಳಿಸುವ ಮಾತು ಬಂದಾಗ, 2019ರ ಅಕ್ಟೋಬರ್‌ನಲ್ಲಿ ರೈತರು ಟ್ರ್ಯಾಕ್ಟರ್‌ಗಳಲ್ಲಿ ಹೇಗ್ ನಗರಕ್ಕೆ ನುಗ್ಗಿದರು. ಅದೇ ವರ್ಷ ಹುಟ್ಟಿದ ರೈತ ನಾಗರಿಕ ಚಳವಳಿ ಅನ್ನುವ ಪಕ್ಷ, ಕರೊಲೀನ್ ಫಾನ್ ಡೆರ್ ಪ್ಲಾಸ್ ಅವರ ಮುಂದಾಳತ್ವದಲ್ಲಿ, 2023ರ ಮಾರ್ಚ್‌ನ ಪ್ರಾಂತ್ಯಗಳ ಚುನಾವಣೆಯಲ್ಲಿ ಎಲ್ಲರಿಗಿಂತ ಮುಂದೆ ಬಂತು. ಇದಕ್ಕೇ ಒಂದು ಪೂರ್ತಿ ಭಾನುವಾರ ಬೇಕು.

ಕೇಳಿದ್ದಕ್ಕೆ ಮೇಷ್ಟ್ರು ಒಪ್ಪಿದ್ದಾರೆ. ಹಾಲಿನ ಕೋಟಾದಿಂದ ಇವತ್ತಿನ ತನಕದ ಕಥೆಗೆ ಇನ್ನೊಂದು ಪಾಠ ಇಡುತ್ತಾರೆ, ಹಳಬರಿಗೆ ಶುಲ್ಕ ಇಲ್ಲ. ಅದಕ್ಕೆ ನಮ್ಮ ಸಂಘದಿಂದ ಒಂದು ಟೆಂಪೊ ಮಾಡಿಕೊಂಡು ಹೋಗೋಣ ಅಂತ ನಿರ್ದೇಶಕರ ಸಭೆಯಲ್ಲಿ ಇಟ್ಟಿದ್ದೇನೆ. ಅಧ್ಯಕ್ಷೆ ಆಗಲೇ ಸರಿ ಅಂದಿದ್ದಾರೆ. ಅಕ್ಕಪಕ್ಕದ ಊರಿನವರು ಬರುವುದಾದರೆ ಬೆಳಗ್ಗೆ ಹಾಲಿನ ಹೊತ್ತಿಗೆ ಡೇರಿಗೆ ಬಂದು ಹೆಸರು ಬರೆಸಿ. ಚೀಟಿ ಆಟ ಮತ್ತೆ ಆಡಿಸಿ ಅಂತ ಹೇಳಿದ್ದೇನೆ, ಈ ಸಲ ಟೊಮೆಟೊ ಬದಲು ಹಾಲಿನಲ್ಲಿ.